ನಾನು ಇಡದ ದೀಪ

ಕಾರಣವಿಲ್ಲದೆ ಏನೂ ನಡೆಯುವುದಿಲ್ಲ ಎಂದು ನಂಬಿ ಬೆಳೆದವಳು ನಾನು. ಯಾರಾದರೂ ಕಂಡದ್ದು ಕೇಳಿದ್ದು ಅಂತ ವಿಚಿತ್ರ ಕಥೆ ಶುರು ಮಾಡಿದರೆ ಎದ್ದು ಟೀ ಮಾಡಲು ಹೋಗುತ್ತಿದ್ದೆ. ಈಗ ನಾನೇ ಅಂಥದ್ದೊಂದನ್ನು ಹೇಳಹೊರಟಿದ್ದೇನೆ. ನೀವು ಎದ್ದು ಹೋದರೂ ನನಗೆ ಬೇಸರವಿಲ್ಲ.

ತುಮಕೂರಿನಲ್ಲಿ ನನ್ನದೊಂದು ಪುಟ್ಟ ಆಫೀಸಿದೆ. ಕಟ್ಟುವ ಮೊದಲೇ ಮನೆ ಹೇಗೆ ಕಾಣುತ್ತದೆಂದು ಕಂಪ್ಯೂಟರಿನಲ್ಲಿ ತ್ರೀಡಿ ಚಿತ್ರ ಮಾಡಿಕೊಡುವುದು ನನ್ನ ಕೆಲಸ. ಅದರಲ್ಲೂ ರಾತ್ರಿಯ ನೋಟವೆಂದರೆ ನನಗೆ ಇಷ್ಟ. ಹೊರಗೆ ಮಟಮಟ ಮಧ್ಯಾಹ್ನ, ಬಸ್ಸುಗಳ ಹಾರ್ನು. ಒಳಗೆ ನಾನು ರಾತ್ರಿ ಮಾಡುತ್ತಾ ಕೂತಿರುತ್ತೇನೆ. ಕಂಪ್ಯೂಟರಿನ ರಾತ್ರಿ ನಿಜವಾದ ರಾತ್ರಿಗಿಂತ ಕಪ್ಪು. ನಾವು ಇಡದೆ ಅಲ್ಲಿ ಬೆಳದಿಂಗಳೂ ಇರುವುದಿಲ್ಲ. ಗೇಟಿನ ದೀಪ, ವರಾಂಡದ ಬಲ್ಬು, ಕಿಟಕಿಯಿಂದ ಅಂಗಳಕ್ಕೆ ಚೆಲ್ಲುವ ಹಳದಿ, ಎಲ್ಲವನ್ನೂ ಕೈಯಾರೆ ಇಡಬೇಕು.

ಕೆಲವು ವರ್ಷಗಳ ಹಿಂದೆ ಗುಬ್ಬಿಯಿಂದ ರುದ್ರಪ್ಪ ಎಂಬ ಹೈಸ್ಕೂಲ್ ಮೇಷ್ಟ್ರು ಬಂದರು. ಸೈಟು ತೆಗೆದುಕೊಂಡಿದ್ದರು, ಪ್ಲಾನೂ ಆಗಿತ್ತು. ಆದರೆ ಹೆಂಡತಿ ಗಿರಿಜಮ್ಮ ಮನೆ ಕಟ್ಟುವುದೇ ಬೇಡ ಎನ್ನುತ್ತಿದ್ದರಂತೆ. ಆಕೆಗೆ ಚಿಕ್ಕಂದಿನಿಂದ ಇರುಳುಗುರುಡು. ಈಗ ಹಗಲಿನ ನೋಟವೂ ಕಿರಿದಾಗುತ್ತಾ ಬಂದಿತ್ತು. ಹೆಚ್ಚು ಕಾಲ ಉಳಿಯದು ಎಂದು ಡಾಕ್ಟರು ಹೇಳಿದ್ದರು.

“ಬಾಡಿಗೆ ಮನೇಲಿ ಗೋಡೆ ಗೋಡೆನೂ ಕೈಗೆ ಗೊತ್ತು, ಹೊಸ ಮನೇಲಿ ಕತ್ಲಾದ್ರೆ ಎಲ್ಲಿ ತಡಕಾಡ್ಲಿ ಅಂತಾಳೆ ಮೇಡಂ,” ಎಂದರು ಮೇಷ್ಟ್ರು. “ರಾತ್ರಿಹೊತ್ತು ಮನೆ ಹೆಂಗಿರುತ್ತೆ ಅಂತ ಒಂದು ಚಿತ್ರ ಮಾಡ್ಕೊಡಿ. ಕಣ್ಣಿರೋವಾಗ್ಲೇ ಒಂದ್ಸಲ ನೋಡ್ಬುಡ್ಲಿ. ಧೈರ್ಯ ಬರಬಹುದು.”

ಅಷ್ಟು ಮನಸ್ಸಿಟ್ಟು ನಾನು ಬೇರೆ ಯಾವ ರಾತ್ರಿಯನ್ನೂ ಮಾಡಿರಲಿಲ್ಲ. ಮೆಟ್ಟಿಲು, ತುಳಸಿಕಟ್ಟೆ, ಪಕ್ಕದ ಓಣಿ, ಎಲ್ಲೂ ಕತ್ತಲೆ ಗಂಟುಕಟ್ಟದ ಹಾಗೆ ದೀಪ ಇಟ್ಟೆ. ಹಿತ್ತಿಲನ್ನು ಮಾತ್ರ ಹಾಗೇ ಬಿಟ್ಟೆ. ಚಿತ್ರದ ಅಂಚಿನಲ್ಲಿ ಅದು ಕಾಣುವುದೇ ಒಂದಿಷ್ಟು. ಗಂಡಹೆಂಡತಿ ಬರಬೇಕಿದ್ದ ದಿನ ಬೆಳಿಗ್ಗೆ ಚಿತ್ರ ಸಿದ್ಧವಾಯಿತು. ನೋಡಿದರೆ, ಹಿತ್ತಿಲ ಬಾಗಿಲ ಬಳಿ ಸಣ್ಣದೊಂದು ಬೆಳಕು.

ಯಾರೋ ಸೊಂಟದೆತ್ತರಕ್ಕೆ ದೀಪ ಹಿಡಿದು, ಗಾಳಿಗೆ ಆರದಿರಲೆಂದು ಕೈ ಅಡ್ಡ ಕೊಟ್ಟ ಹಾಗಿತ್ತು. ಒಂದು ಪಕ್ಕ ಬೆಳಕು, ಇನ್ನೊಂದು ಪಕ್ಕ ನೆರಳು. ನಾನೇ ಎಲ್ಲೋ ದೀಪ ಇಟ್ಟು ಮರೆತಿದ್ದೇನೆಂದು ಹುಡುಕಿದೆ. ಇರಲಿಲ್ಲ. ಹೊರಗಿನಿಂದ ತಂದು ಸೇರಿಸಿದ ಗಿಡ, ಕುಂಡಗಳಲ್ಲಿ ಹೊಳೆಯುವಂಥದ್ದೇನಾದರೂ ಅಡಗಿದೆಯೇನೋ ಎಂದು ಎಲ್ಲವನ್ನೂ ತೆಗೆದು ನೋಡಿದೆ. ಕೊನೆಗೆ ಚಂದ್ರನನ್ನೂ ಸೇರಿಸಿ ಎಲ್ಲ ದೀಪ ಆರಿಸಿ ಮತ್ತೆ ಚಿತ್ರ ತೆಗೆದೆ. ಪೂರ್ತಿ ಕಪ್ಪು ಬರಬೇಕಿತ್ತು. ಮನೆಯೇನೋ ಕಪ್ಪಾಯಿತು. ಆ ಬೆಳಕು ಮಾತ್ರ ಇತ್ತು. ಬಾಗಿಲಿನಿಂದ ಸ್ವಲ್ಪ ಮುಂದೆ, ಬಟ್ಟೆ ಒಗೆಯುವ ಕಲ್ಲಿನ ಕಡೆಗೆ ಸರಿದಿತ್ತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಮೇಷ್ಟ್ರ ದನಿ ಕೇಳಿಸಿತು.

ಬೇರೆ ದಾರಿಯಿಲ್ಲದೆ ಮೊದಲ ಚಿತ್ರವನ್ನೇ ತೆರೆದೆ. ಗಿರಿಜಮ್ಮ ಪರದೆಗೆ ಮುಖ ತಾಗುವಷ್ಟು ಹತ್ತಿರ ಕೂತು, ಕೊಳವೆಯೊಳಗಿಂದ ನೋಡುವವರಂತೆ ಚೂರು ಚೂರಾಗಿ ನೋಡುತ್ತಾ ಹೋದರು. ಗೇಟು, ವರಾಂಡ, ಮೆಟ್ಟಿಲು. ಅಂಚಿಗೆ ಬಂದಾಗ ನೋಟ ಅಲ್ಲೇ ನಿಂತುಬಿಟ್ಟಿತು.

“ಹಿತ್ಲಲ್ಲಿ ಬುಡ್ಡಿ ಹಿಡ್ಕೊಂಡಿರೋದು ಯಾರಮ್ಮ?”

ನಾನು ಆ ಬೆಳಕಿನ ವಿಷಯ ಎತ್ತಿರಲೇ ಇಲ್ಲ. “ಏನೋ ತಪ್ಪಾಗಿದೆ ಅಕ್ಕ, ತೆಗೀತೀನಿ,” ಎಂದೆ.

“ತೆಗೀಬ್ಯಾಡ ಕಣಮ್ಮ.” ಅವರ ಬೆರಳು ಪರದೆಯ ಮೇಲಿತ್ತು. “ಅಮೃತೂರಲ್ಲಿ ನಮ್ಮವ್ವ ಹಿಂಗೇ ಬುಡ್ಡಿಗೆ ಕೈ ಅಡ್ಡ ಇಟ್ಕೊಂಡು ನನ್ ಮುಂದೆ ಹೋಗೋಳು. ನಂಗೆ ಕತ್ಲಲ್ಲಿ ಹಿತ್ಲು ಕಾಣ್ತಿರ್ಲಿಲ್ವಲ್ಲ. ‘ಬೆಳಕು ಬುಟ್ಟು ಬೇರೆ ಏನೂ ನೋಡ್ಬ್ಯಾಡ, ಬಾ ಮಗ’ ಅನ್ನೋಳು.” ಸೆರಗಿನಿಂದ ಕಣ್ಣೊರೆಸಿಕೊಂಡು ಗಂಡನ ಕಡೆ ತಿರುಗಿದರು. “ಕಟ್ಸಿ ರೀ.”

ಆ ತಾಯಿ ತೀರಿಹೋಗಿ ಬಹಳ ಕಾಲವಾಗಿದೆ ಎಂದು ಮೇಷ್ಟ್ರು ಮೆಲ್ಲಗೆ ಹೇಳಿದರು.

ಅವರು ಹೋದ ಮೇಲೆ ಮತ್ತೆ ಚಿತ್ರ ತೆಗೆದೆ. ಹಿತ್ತಿಲು ಕಪ್ಪಗಿತ್ತು. ಆಮೇಲೆ ಎಷ್ಟು ಸಲ ಮಾಡಿದರೂ ಆ ಬೆಳಕು ಬರಲಿಲ್ಲ. ಇದೇ ಕೆಲಸದಲ್ಲಿರುವ ಗೆಳೆಯರಿಗೆ ಎರಡೂ ಚಿತ್ರ ತೋರಿಸಿದ್ದೇನೆ. ಒಬ್ಬೊಬ್ಬರು ಒಂದೊಂದು ಕಾರಣ ಕೊಡುತ್ತಾರೆ. ಯಾರೂ ಅದನ್ನು ಮಾಡಿ ತೋರಿಸಿಲ್ಲ.

ಮನೆ ಎದ್ದಿತು. ಅಷ್ಟರಲ್ಲಿ ಗಿರಿಜಮ್ಮನ ಕಣ್ಣು ಪೂರ್ತಿ ಹೋಗಿತ್ತು. ಗೃಹಪ್ರವೇಶದ ದಿನ ನಾನು ಗುಬ್ಬಿ ಮುಟ್ಟುವಾಗ ಸಂಜೆಯಾಗಿತ್ತು. ಊಟ ಮುಗಿಸಿ ಕೈ ತೊಳೆಯಲು ಹಿತ್ತಿಲಿಗೆ ಹೊರಟಾಗಲೇ ಕರೆಂಟು ಹೋಯಿತು. ಕತ್ತಲಲ್ಲಿ ದಾರಿ ತಿಳಿಯದೆ ಬಾಗಿಲಲ್ಲೇ ನಿಂತೆ. ಗಿರಿಜಮ್ಮ ಬಂದು ನನ್ನ ಮೊಣಕೈ ಹಿಡಿದರು.

“ಬಾಮ್ಮ. ಮೆಟ್ಲೈತೆ, ಮೆಲ್ಲುಕೆ.”

ಆ ಮನೆಗೆ ಅವರು ಕಾಲಿಟ್ಟದ್ದು ಅವತ್ತು ಬೆಳಿಗ್ಗೆಯಷ್ಟೇ. ಆದರೂ ಗೋಡೆ ಮುಟ್ಟಲಿಲ್ಲ, ಕಾಲಿನಿಂದ ತಡಕಲಿಲ್ಲ. ಮುಖವನ್ನು ಕೊಂಚ ಕೆಳಗೆ ಬಾಗಿಸಿ, ಮುಂದೆ ಹೋಗುತ್ತಿರುವ ಯಾರನ್ನೋ ಹಿಂಬಾಲಿಸುವವರಂತೆ ಒಗೆಯುವ ಕಲ್ಲಿನವರೆಗೆ ನೆಟ್ಟಗೆ ನಡೆದರು. ಅವರು ನೋಡುತ್ತಿದ್ದ ಕಡೆಗೇ ನಾನೂ ಕಣ್ಣು ಕೀಲಿಸಿ ನೋಡಿದೆ. ನನಗೆ ಏನೂ ಕಾಣಲಿಲ್ಲ.