ವೈನಿಯ ಕಾರಿಗೆ ಹೊಸ ಚರ್ಮ

ಕಾರಿನ ಗೇರ್ ಕೋಲಿನ ಗುಂಡಿಯನ್ನು ತಿರುಗಿಸಿ ತೆಗೆದು, ಕೋಲಿನ ಬುಡಕ್ಕೆ ಸುತ್ತಿದ್ದ ಚರ್ಮದ ಕವರನ್ನು ಮೇಲೆತ್ತಿದಾಗ ಒಳಗಿನಿಂದ ವಾಸನೆಯೊಂದು ಬಂತು. ಕಾದ ಗೇರ್ ಎಣ್ಣೆ, ಹಳೆಯ ಚರ್ಮ, ಒಂದಿಷ್ಟು ಕೊಬ್ಬರಿ ಎಣ್ಣೆಯ ಕಮಟು... ಚೌಕಟ್ಟಿನ ಸಂದಿಯಲ್ಲಿ ಫರಸಿ ಕಲ್ಲಿನ ಬಿಳಿ ಪುಡಿ ಗಟ್ಟಿಯಾಗಿ ಕೂತಿತ್ತು. ಭಾನುವಾರದ ಮಧ್ಯಾಹ್ನ. ವಾರವೆಲ್ಲ ಬ್ಯಾಂಕಿನ ಕೌಂಟರಿನಲ್ಲಿ ಕೂತು ಸೊಂಟ ಹಿಡಿದುಹೋಗಿತ್ತು. ಚರ್ಮ ಮಡಿಕೆಗಳಲ್ಲಿ ಸೀಳಿ, ಎಂಜಿನ್ನಿನ ಬಿಸಿ, ರಸ್ತೆಯ ದೂಳು ಎರಡೂ ಒಳಗೆ ನುಗ್ಗಲು ಶುರುವಾಗಿ ಬಹಳ ಕಾಲವಾಗಿತ್ತು. ಇವತ್ತು, ನಾಳೆ ಎಂದು ಮುಂದೂಡುತ್ತಲೇ ಬಂದಿದ್ದೆ. ಕವರ್ ಬಿಚ್ಚಿದವಳು ಅದನ್ನು ಕೈಯಲ್ಲಿ ಹಿಡಿದು ಹಾಗೇ ಸೀಟಿನಲ್ಲಿ ಕುಳಿತುಬಿಟ್ಟೆ. ಕಾಗದದಲ್ಲಿ ಈ ಕಾರು ನನ್ನದು. ಆದರೆ ಬಾಯಿಗೆ ಬರುವುದು ಇವತ್ತಿಗೂ 'ವೈನಿಯ ಕಾರು' ಎಂದೇ.

ಶಹಾಬಾದಿನಲ್ಲಿ ನಮ್ಮ ಎದುರು ಮನೆಯವರು ಅವರು. ಓಣಿಗೆಲ್ಲ ವೈನಿ, ಅಂದರೆ ಅತ್ತಿಗೆ. ಅವರ ಗಂಡನಿಗೆ ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಿತ್ತು. ಅದನ್ನು ಅದೇ ಓಣಿಯಲ್ಲಿ ಬೇರೆ ಮನೆ ಮಾಡಿದ್ದ ತಮ್ಮನ ಜೊತೆ ನಡೆಸುತ್ತಿದ್ದರು. ಮನೆಯಲ್ಲಿ ಮಾತು ಕಡಿಮೆ, ಖರ್ಚೂ ಕಡಿಮೆ. ಅಂಥ ಮನುಷ್ಯ ಒಂದು ದಿನ ಹೈದರಾಬಾದಿನಿಂದ ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರನ್ನು ಓಡಿಸಿಕೊಂಡು ಬಂದರು. ಯಾರೋ ಬಳಸಿ ಬಿಟ್ಟದ್ದು. ನೆಲಕ್ಕೆ ಅಂಟಿದಂಥ ಆ ಕಾರನ್ನು ನೋಡಲು ಓಣಿಯೇ ಸೇರಿತು. ಸಂಜೆ ಗಂಡ ಹೆಂಡತಿ ವಾಡಿಯ ತನಕ ಹೋಗಿ ಚಹಾ ಕುಡಿದು ಬರುತ್ತಿದ್ದರು. ವೈನಿ ಸೆರಗನ್ನು ತಲೆಯ ಮೇಲೆ ಬಿಗಿಯಾಗಿ ಹಿಡಿದು ಕೂತಿರುತ್ತಿದ್ದರು. ಅವರು ನಕ್ಕದ್ದನ್ನು ನಾನು ಮೊದಲು ನೋಡಿದ್ದು ಆ ಕಾರಿನಲ್ಲೇ.

ಗಂಡ ಹೃದಯಾಘಾತವಾಗಿ ಹೋದರು. ಕಾರ್ಖಾನೆಯ ಕಚೇರಿಯಲ್ಲಿ, ಊಟಕ್ಕೆ ಕೂತಲ್ಲೇ. ಮಕ್ಕಳಿರಲಿಲ್ಲ. ಮನೆಯ ಯಜಮಾನಿಕೆ ಮೈದುನನ ಕೈಗೆ ಬಂತು. ಅವನು ಮೊದಲು ತೆಗೆದ ಮಾತೇ ಕಾರಿನದು.

"ಮಾರಿಬಿಡೋಣ್ರಿ ವೈನಿ. ಹೆಣ್ಮಕ್ಕಳ ಮನ್ಯಾಗ ಇಂಥಾ ಗಾಡಿ ಯಾಕ ಬೇಕು?"

ವೈನಿ ಕಾರಿನ ಕೀಲಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡರು. ಕೆಲವು ದಿನ ಬಿಟ್ಟು ನಮ್ಮ ಮನೆಗೆ ಬಂದರು. ಅಪ್ಪನ ಜೀಪಿನಲ್ಲಿ ನಾನು ಗಾಡಿ ಓಡಿಸುವುದನ್ನು ಕಲಿತಿದ್ದೆ. ಅದು ಅವರಿಗೆ ಗೊತ್ತಿತ್ತು.

"ತಂಗಿ, ನನಗ ಗಾಡಿ ಕಲಸ್ತೀ ಏನು?"

"ಯಾಕ್ರಿ ವೈನಿ, ಎಲ್ಲಿ ಹೋಗೋದದ?"

"ಕುಂಚಾವರಂಗ. ಅಲ್ಲಿ ನನ್ನ ತಂಗಿ ಇದ್ದಾಳ."

ಅವರಿಗೆ ತಂಗಿಯೊಬ್ಬಳಿದ್ದಾಳೆಂದು ನನಗೆ ಅಂದೇ ಗೊತ್ತಾದದ್ದು. ಬೌದ್ಧ ಮನೆತನದ ಮಾಸ್ತರರೊಬ್ಬರನ್ನು ಮದುವೆಯಾಗಿ ಹೋದವಳು. ತವರಿನವರು ಲಿಂಗಾಯತರು, ಅಂದಿನಿಂದ ಅವಳ ಹೆಸರೆತ್ತುವುದನ್ನೇ ಬಿಟ್ಟಿದ್ದರು. ವೈನಿಯ ಗಂಡನ ಮನೆಯಲ್ಲೂ ಅದೇ ಮಾತು. ಅಷ್ಟು ಪ್ರೀತಿಯ ಗಂಡ ಕೂಡ ಕುಂಚಾವರಂಗೆ ಹೋಗುವ ಚಿಂಚೋಳಿಯ ದಾರಿ ಹಿಡಿಯಲಿಲ್ಲ. ಬಾಡಿಗೆ ಗಾಡಿ ಮಾಡಿಕೊಂಡು ಹೋಗೋಣವೆಂದರೆ ಡ್ರೈವರುಗಳೆಲ್ಲ ಮೈದುನನ ಪರಿಚಯದವರೇ. "ಬಸ್ಸಿನ್ಯಾಗ ಹೋದ್ರೂ ಯಾರರೆ ನೋಡಿ ತಡೀತಾರ. ಅವರು ಬ್ಯಾಡ ಅನ್ನೂದ್ರೊಳಗ ನಾನೇ ಗಾಡಿ ನಡಸಕೊಂಡು ಒಮ್ಮೆ ಹೋಗಿ ಬರಬೇಕು, ತಂಗಿ," ಎಂದರು. ಗಟ್ಟಿಯಾಗಿಯೇ ಹೇಳಿದರು.

ಮುಚ್ಚಿಹೋದ ಕಲ್ಲಿನ ಗಣಿಯ ಬದಿಯ ಬಯಲಿನಲ್ಲಿ ಕಲಿಸಿದೆ. ಗೇರಿನ ಗುಂಡಿ ಹಿಡಿಯಿರಿ ಎಂದರೆ ಅವರು ಬುಡದ ಚರ್ಮವನ್ನೇ ಮುಷ್ಟಿಯಲ್ಲಿ ಹಿಡಿಯುತ್ತಿದ್ದರು, ಎಮ್ಮೆಯ ಹಗ್ಗ ಹಿಡಿದ ಹಾಗೆ. ಬಿಸಿಲಿಗೆ ಚರ್ಮ ಬಿರಿಯಬಾರದೆಂದು ಮನೆಗೆ ಬಂದು ಕೊಬ್ಬರಿ ಎಣ್ಣೆ ಸವರುತ್ತಿದ್ದರು. ಬೇಡವೆಂದರೂ ಕೇಳುತ್ತಿರಲಿಲ್ಲ. ಮೈದುನ ಕಾರಿಗೆ ಗಿರಾಕಿಯನ್ನು ಕರೆದುಕೊಂಡು ಬಂದಾಗ, "ನಾ ಕಲೀಲಿಕತ್ತೀನಿ, ಮಾರೂದಿಲ್ಲ," ಎಂದರು. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಲೈಸೆನ್ಸ್ ಬಂದ ಮೇಲೆ, ಒಂದು ಬೆಳಿಗ್ಗೆ ಹೊರಟೆವು. ಚಿತ್ತಾಪುರ ದಾಟುವ ತನಕ ಅವರು ರಸ್ತೆಯಿಂದ ಕಣ್ಣು ಕೀಳಲಿಲ್ಲ. ಸೇಡಂನಲ್ಲಿ ಸಿಮೆಂಟಿನ ಲಾರಿಗಳ ನಡುವೆ ಸಿಕ್ಕಿ ಗಾಡಿ ಬಂದ್ ಬಿತ್ತು. ಹಿಂದಿನವರೆಲ್ಲ ಹಾರ್ನ್ ಬಾರಿಸತೊಡಗಿದರು. ನಾನು ನಡೆಸಲೇ ಎಂದು ಕೇಳಿದೆ.

"ಬ್ಯಾಡ. ಕುಂದ್ರು ನೀ," ಎಂದು ಮತ್ತೆ ಚಾಲೂ ಮಾಡಿದರು.

ಚಿಂಚೋಳಿ ದಾಟಿ ಕಾಡು ಶುರುವಾದಾಗ ಅವರ ಕುಪ್ಪಸ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಕುಂಚಾವರಂ ಇನ್ನೂ ಸ್ವಲ್ಪ ದೂರವಿರುವಾಗ, ರಸ್ತೆಯಿಂದ ಒಳಗಿದ್ದ ಸಣ್ಣ ಹಳ್ಳಿಯೊಂದರಲ್ಲಿ ಕೇಳುತ್ತಾ ಕೇಳುತ್ತಾ ಆ ಮನೆ ಸಿಕ್ಕಿತು. ಅಂಗಳದಲ್ಲಿ ತೊಗರಿ ಒಣಗಿಸುತ್ತಿದ್ದ ಹೆಂಗಸು ಎದ್ದು ನಿಂತಳು. ಕೂದಲು ನೆರೆತಿತ್ತು. ವೈನಿ ಕಾರಿನಿಂದ ಇಳಿದು ಬಾಗಿಲು ಹಿಡಿದುಕೊಂಡೇ ನಿಂತರು. ಇಬ್ಬರೂ ಹತ್ತಿರ ಬರಲಿಲ್ಲ.

"ಗಾಡಿ ಯಾರು ನಡಸಿದ್ರು ಅಕ್ಕಾ?" ಎಂದು ತಂಗಿ ಕೇಳಿದಳು. ಅಷ್ಟು ವರ್ಷಗಳ ನಂತರ ಆಡಿದ ಮೊದಲ ಮಾತು ಅದು.

"ನಾನೇ."

ತಂಗಿ ನಕ್ಕಳು. ನಗುತ್ತಲೇ ಅಳು ಬಂದು ತೊಗರಿಯ ಮೇಲೆಯೇ ಕುಸಿದು ಕುಳಿತಳು. ವೈನಿ ಹೋಗಿ ಅವಳ ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿ ಹಿಡಿದರು. ನಾನು ಆ ಕಡೆ ನೋಡಲಾರದೆ ಮಾಸ್ತರರ ಜೊತೆ ಮಳೆ ಬೆಳೆ ಮಾತಾಡಿದೆ. ಮಧ್ಯಾಹ್ನ ಬುದ್ಧನ ಪಟದ ಕೆಳಗೆ ಕೂತು ಎಲ್ಲರೂ ಊಟ ಮಾಡಿದೆವು. ಜೋಳದ ರೊಟ್ಟಿ, ಪುಂಡಿಪಲ್ಯ... ವೈನಿ ಎರಡು ಸಲ ಹಾಕಿಸಿಕೊಂಡರು.

ನಾವು ಹೋಗಿ ಬಂದ ಸುದ್ದಿ ಗುಟ್ಟಾಗಿ ಉಳಿಯಲಿಲ್ಲ. ಮೈದುನ ಅವರ ಮನೆಗೆ ಬರುವುದನ್ನು ಬಿಟ್ಟ. ಅವನ ಮಗ ವೈನಿಯ ಮಡಿಲಲ್ಲೇ ಬೆಳೆದವನು. ಆ ಹುಡುಗನ ಲಗ್ನಕ್ಕೆ ಇಡೀ ಓಣಿಗೆ ಆಮಂತ್ರಣ ಬಂತು, ಅವರಿಗೆ ಬರಲಿಲ್ಲ. ಅರಿಶಿನದ ದಿನ ಬ್ಯಾಂಡಿನ ಸದ್ದು ಅವರ ಮನೆಯೊಳಗೆಲ್ಲ ಕೇಳುತ್ತಿತ್ತು. ನಾನು ಹೋದಾಗ ಅಡುಗೆಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು.

"ಸಣ್ಣಾಂವ ಇದ್ದಾಗ ಅವಂಗ ಎಣ್ಣಿ ಹಚ್ಚಿ ನೀರು ಹಾಕಿದಾಕಿ ನಾನು, ತಂಗಿ. ಭಾಳ ಅಳತಿದ್ದ," ಎಂದರು. ಕುಂಚಾವರಂಗೆ ಹೋಗಿದ್ದಕ್ಕೆ ಬೇಜಾರಾಗಿದೆಯೇ ಎಂದು ಕೇಳಿದೆ. "ಇಲ್ಲ. ಆದ್ರ ದಣಿವಾಗ್ಯದ," ಎಂದರು.

ಆಮೇಲೆ ತಿಂಗಳಿಗೊಮ್ಮೆಯಾದರೂ ಅವರೊಬ್ಬರೇ ಆ ದಾರಿ ಹಿಡಿಯುತ್ತಿದ್ದರು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯುವ ತನಕ. ಒಂದು ಸಂಜೆ ವಾಡಿಯ ರೈಲ್ವೆ ಗೇಟು ಮುಚ್ಚಿದ್ದು ಅವರಿಗೆ ಕಾಣಲೇ ಇಲ್ಲ. ಜನ ಕೂಗಿದ್ದರಿಂದ ಉಳಿದರು. ಮರುದಿನ ಕೀಲಿಯನ್ನು ತಂದು ನನ್ನ ಕೈಗಿಟ್ಟರು. "ಗಾಡಿ ನಿಂದು. ನನ್ನ ಒಮ್ಮೆ ತಂಗಿ ಮನ್ಯಾಗ ಬಿಟ್ಟು ಬಾ," ಎಂದರು. ಒಂದು ಟ್ರಂಕು, ಹಾಸಿಗೆ, ಗಂಡನ ಫೋಟೊ. ಟ್ರಂಕು ಕಾರಿನಲ್ಲಿ ಹಿಡಿಯದೆ ಅದನ್ನು ಬಸ್ಸಿನ ಮೇಲೆ ಹಾಕಿ ಕಳಿಸಿದೆವು. ದಾರಿಯುದ್ದಕ್ಕೂ ಅವರು ನಿದ್ದೆ ಮಾಡಿದರು.

ಅಲ್ಲೇ ತೀರಿಕೊಂಡರು. ಆಗ ನನಗೆ ಬೀದರಿಗೆ ವರ್ಗವಾಗಿತ್ತು, ಶಹಾಬಾದಿಗೆ ಮರಳಿ ಬಂದದ್ದು ಆಮೇಲೆ. ಫೋನು ಬರುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಮೈದುನನ ಮಗ ಬಂದಿದ್ದನಂತೆ, ಹೆಂಡತಿಯನ್ನೂ ಕರೆದುಕೊಂಡು. ವೈನಿ ಅದನ್ನು ನೋಡಲಿಲ್ಲ...

ಕೊನೆಗೆ ಸೀಟಿನಿಂದ ಎದ್ದು, ಬಿಚ್ಚಿದ ಕವರನ್ನು ವಾಡಿಯ ಸೀಟ್ ಕವರ್ ಹೊಲಿಯುವವರ ಬಳಿ ಒಯ್ದು, ಆ ಮಧ್ಯಾಹ್ನವೇ ಹೊಸದನ್ನು ಹೊಲಿಸಿದೆ. ಹಳೆಯದರ ಹೊಲಿಗೆ ಬಿಚ್ಚಿ, ಅದರ ತುಂಡುಗಳನ್ನೇ ಅಳತೆಗೆ ಇಟ್ಟು ಕತ್ತರಿಸಿದರು. ಅದನ್ನು ಚೌಕಟ್ಟಿಗೆ ಅಂಟಿಸಿ, ಮೇಲಿನ ಬಾಯನ್ನು ಗೇರಿನ ಕೋಲಿಗೆ ಕಟ್ಟಿ, ಗುಂಡಿ ತಿರುಗಿಸಿ ಕೂರಿಸುವ ಹೊತ್ತಿಗೆ ಬಿಸಿಲು ಇಳಿದಿತ್ತು. ಚರ್ಮ ಇನ್ನೂ ಬಿರುಸು. ಮೂರನೇ ಗೇರು ಸ್ವಲ್ಪ ತಡೆದು ಬೀಳುತ್ತದೆ. ಚಿತ್ತಾಪುರದ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ, ಬದಿಗೆ ನಿಲ್ಲಿಸಿದೆ. ಸರಿಹೋಯಿತು ಎಂದು ಯಾರಿಗಾದರೂ ಹೇಳಬೇಕು ಎನಿಸಿತು. ಹೇಳಬೇಕಾದವರು ಇರಲಿಲ್ಲ. ಅವರ ತಂಗಿಗೆ ಫೋನು ಮಾಡಿದೆ.

"ಅಕ್ಕನ ಗಾಡಿ ಇನ್ನಾ ಓಡ್ತದಾ?" ಎಂದು ಕೇಳಿದರು.

"ಓಡ್ತದ್ರಿ."

"ಹೊರಗ ಗಾಡಿ ಸಪ್ಪಳಾದ್ರ ನಾ ಇನ್ನಾ ಎದ್ದು ನೋಡ್ತೀನಿ, ನೋಡವಾ," ಎಂದರು.

ಬರುವ ಭಾನುವಾರ ಬರುತ್ತೇನೆಂದೆ. ಅವರು ಹೂಂ ಎಂದರು. ಮರುದಿನ ಬೆಳಿಗ್ಗೆ ಬ್ಯಾಂಕಿತ್ತು. ಗಾಡಿ ತಿರುಗಿಸಿಕೊಂಡು ನಿಧಾನವಾಗಿ ಮನೆಗೆ ಬಂದೆ.