ಒಗೆದ ಬಟ್ಟೆ ಒಗೆದ ಮಷೀನು

ಹೋದ ವಾರ ಒಬ್ಬರು ನನ್ನ ಮನೆಗೆ ಬಂದು, ಜೋಳದ ಡಬ್ಬಿಯ ಮುಂದೆ ಮಂಡಿಯೂರಿ ಕೂತು "ವಾಹ್!" ಅಂದರು.

ಜೋಳ ನೋಡಿ ಅಂದದ್ದಲ್ಲ. ಡಬ್ಬಿ ನೋಡಿ ಅಂದದ್ದು.

ಆ ಡಬ್ಬಿ ಒಂದು ಕಾಲಕ್ಕೆ ಬಟ್ಟೆ ಒಗೆಯುವ ಮಷೀನಾಗಿತ್ತು. ಗಂಗಾವತಿಯ ಅಕ್ಕಿ ಗಿರಣಿ ಮನೆಯ ಶಾಂತಕ್ಕನದು. ನಾನು ಆ ಮನೆಯ ಬಟ್ಟೆ ಒಗೆಯುವವಳು. ಮೋಟಾರ್ ಸುಟ್ಟ ಮೇಲೆ "ಒಯ್ಯಿ" ಅಂದರು, ಒಯ್ದೆ. ಅರ್ಧ ಚೀಲ ಜೋಳ ಹಿಡಿಯುತ್ತದೆ. ಇಲಿ ಹತ್ತುವುದಿಲ್ಲ. ಆ ಮಷೀನಿನಿಂದ ನನಗಾದ ಉಪಕಾರ ಇಷ್ಟೇ.

ಶಾಂತಕ್ಕನ ಮನೆಯಲ್ಲಿ ವಿಚಾರಿಸಿಕೊಂಡು ಬಂದವರು ಕೊಪ್ಪಳದ ಖಾಜಾಸಾಬರು. ಐಟಿಐಯಲ್ಲಿ ಪಾಠ ಹೇಳಿ ರಿಟೈರ್ ಆದವರು. ಈಗ ಹಳೆಯ ವಾಷಿಂಗ್ ಮಷೀನುಗಳ ಚರಿತ್ರೆ ಬರೆಯುತ್ತಾರೆ. ನಗಬೇಡಿ. ರಾಜರ ಚರಿತ್ರೆ ಬರೆಯುವವರನ್ನು ನೋಡಿ ನಗುತ್ತೀರೇನು? ಆನೆಗೊಂದಿಯಲ್ಲಿ ಮುರಿದ ಕಂಬದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವವರು ನೀವೇ ಅಲ್ಲವೇ? ಇವರು ಕೆಟ್ಟ ಮಷೀನಿನ ಮುಂದೆ ಕೂರುತ್ತಾರೆ, ಅಷ್ಟೇ.

ಫೋನಿನಲ್ಲಿ ಇಂಥವರದೇ ಒಂದು ಗ್ರೂಪ್ ಇದೆಯಂತೆ. ಪುಣೆಯವರು, ಹೈದರಾಬಾದಿನವರು, ಒಬ್ಬ ಇಂಗ್ಲೆಂಡಿನವನು. ಯಾವ ಮಷೀನು ಯಾವ ಊರಿಗೆ ಬಂತು, ಯಾರು ತಂದರು, ಯಾವ ಭಾಗ ಸವೆಯಿತು, ಸ್ಪೇರ್ ಎಲ್ಲಿ ಸಿಗುತ್ತದೆ. ದಿನಾ ಇದೇ ಮಾತು.

"ಮನ್ಯಾಗ ಇಂಥವು ಎಷ್ಟು ಅದಾವ್ರಿ ಸಾಹೇಬ್ರ?" ಅಂದೆ.

"ಹನ್ನೊಂದು."

"ಮತ್ತ ಬಟ್ಟಿ ಯಾವುದರಾಗ ಒಗೀತೀರಿ?"

ಸಾಹೇಬರು ಕೆಮ್ಮಿದರು. "ನಮ್ಮ ಬೀಬಿ ಕೈಲೇ ಒಗೀತಾಳ್ರಿ ಅಮ್ಮಾ. ಹನ್ನೊಂದರಾಗ ಒಂದೂ ಚಾಲೂ ಇಲ್ಲ."

(ಅವರ ಬೀಬಿಯನ್ನು ಒಮ್ಮೆ ಕಾಣಬೇಕು. ನಮ್ಮಿಬ್ಬರಿಗೆ ಮಾತಾಡಲು ಬೇಕಾದಷ್ಟಿದೆ.)

ಅವತ್ತು ನನಗೆ ಮಷೀನುಗಳ ಮೇಲೆಯೇ ಸಿಟ್ಟಿತ್ತು. ಬೆಳಿಗ್ಗೆ ರೇಷನ್ ಅಂಗಡಿಯಿಂದ ಬರಿಗೈಲಿ ಬಂದಿದ್ದೆ. ಅಲ್ಲಿಯ ಮಷೀನು ನನ್ನ ಹೆಬ್ಬೆಟ್ಟನ್ನು ಒಪ್ಪಲಿಲ್ಲ. ಒರೆಸಿ ಒತ್ತಿದೆ, ಎಣ್ಣೆ ಹಚ್ಚಿ ಒತ್ತಿದೆ. ಬೆರಳಲ್ಲಿ ಗೆರೆಯೇ ಇಲ್ಲವಂತೆ. "ನಾಳಿ ಬಾರಬೇ" ಅಂದ ಅಂಗಡಿಯವ. ನಾಳೆ ಗೆರೆ ಹುಟ್ಟುತ್ತವೇನು?

ಇರಲಿ. ಜೋಳವನ್ನು ಚಾದರದ ಮೇಲೆ ಸುರಿದೆವು. ಮಷೀನಿನ ಮೈಮೇಲೆ ಒಂದು ಕೆಂಪು ಚುಕ್ಕೆ ಇತ್ತು. ಸಾಹೇಬರು ಅದನ್ನು ಉಗುರಿನಿಂದ ಕೆರೆದು, "ತುಕ್ಕು ಹಿಡೀಬಾರದಂತ ಕಂಪನಿಯವರು ಹಚ್ಚಿದ ಬಣ್ಣ" ಅಂತ ಬರೆದುಕೊಳ್ಳತೊಡಗಿದರು.

"ಕುಂಕುಮ ರೀ ಅದು. ಆಯುಧ ಪೂಜಿದು."

ಬರೆದದ್ದನ್ನು ಹೊಡೆದು ಹಾಕಿದರು.

ಆಮೇಲೆ ಟಾರ್ಚ್ ಹಾಕಿ, ತಳದಲ್ಲಿ ಬಟ್ಟೆ ತಿರುವುವ ಫ್ಯಾನನ್ನು ಅಳೆದರು. ಕೂದಲೆಳೆಯನ್ನೂ ಅಳೆಯುವ ಉಕ್ಕಿನ ಸಾಮಾನು ಅವರ ಚೀಲದಲ್ಲಿತ್ತು. ಮೂರು ಸಲ ಅಳೆದರು. ಟಾರ್ಚ್ ಆರಿಸುವುದನ್ನೂ ಮರೆತು ಎದ್ದರು.

"ಅಮ್ಮಾ, ಒಂಬತ್ತು ವರ್ಷ ಹನ್ನೆರಡು ಮಂದಿ ಬಟ್ಟಿ ಇದರಾಗ ಒಗದೀವಿ ಅಂತ ಶಾಂತಕ್ಕಾರು ಹೇಳ್ಯಾರ. ಫ್ಯಾನ್ ಒಂಚೂರೂ ಸವದಿಲ್ಲ! ಸವೀಲಾರದ ಫ್ಯಾನ್ ರೀ ಇದು. ಜಗತ್ತಿನ್ಯಾಗ ಯಾರಿಗೂ ಗೊತ್ತಿಲ್ಲ. ಈ ಭಾನುವಾರ ಹುಬ್ಬಳ್ಳಿಯಾಗ ನಾವೆಲ್ಲಾ ಕೂಡ್ತೀವಿ. ಇಷ್ಟು ವರ್ಷದಾಗ ಮೊದಲ್ನೇ ಸಲ ನನಗ ಮಾತಾಡಾಕ ಕರದಾರ. ಇದನ್ನ ಹೇಳ್ತೀನಿ. ಇಂಗ್ಲೆಂಡಿನಾಂವನೂ ಫೋನಿನಾಗ ಕೇಳ್ತಾನ."

ಈಗ ನಾನು ಏನು ಮಾಡಬೇಕು? ನಿಜ ಹೇಳಿದರೆ ಶಾಂತಕ್ಕನ ಮಾನದ ಪ್ರಶ್ನೆ. ಸುಮ್ಮನಿದ್ದರೆ ಈ ಮನುಷ್ಯ ಭಾನುವಾರ ಹತ್ತು ಮಂದಿಯ ಮುಂದೆ ನಗೆಪಾಟಲಾಗುತ್ತಾನೆ. ಶಾಂತಕ್ಕ ಮನೆಯಲ್ಲಿ ಕೂತಿರುತ್ತಾಳೆ, ಇವರು ಸಭೆಯಲ್ಲಿ ನಿಂತಿರುತ್ತಾರೆ. ಹೇಳಿಬಿಟ್ಟೆ.

ಮಷೀನು ಬಂದ ದಿನ ಶಾಂತಕ್ಕ ನನಗೆ "ನಾಳಿಂದ ಬರಬ್ಯಾಡ" ಅಂದಿದ್ದಳು. ನಾಲ್ಕೇ ದಿನ. ಐದನೇ ದಿನ ಕರೆ ಬಂತು. ಹೋಗಿ ನೋಡಿದರೆ ಅಳುತ್ತಿದ್ದಾಳೆ. ಗಿರಣಿಯಿಂದ ಬಂದ ಗಂಡನ ಧೋತರ ಹಾಕಿದ್ದಾಳೆ, ನೀರು ಕೆಸರಿನಂತೆ ಆಗಿದೆ, ಬಿಳಿ ಮಷೀನಿನ ಹೊಟ್ಟೆ ತುಂಬ ತೌಡು. "ನನ್ನ ಹೊಸಾ ಮಷೀನ ಹೊಲಸಾತು!"

ಅವತ್ತಿನಿಂದ ಕಾನೂನು ಆಯಿತು. ಮೊದಲು ನಾನು ಎಲ್ಲ ಬಟ್ಟೆ ಕಲ್ಲಿನ ಮೇಲೆ ಒಗೆದು ಹಿಂಡಬೇಕು. ಸ್ವಚ್ಛ ಆದ ಬಟ್ಟೆಯನ್ನು ಮಷೀನಿಗೆ ಹಾಕಬೇಕು. ಐದು ನಿಮಿಷ. ಅದೂ ಕರೆಂಟ್ ಇದ್ದರೆ. ಆಮೇಲೆ ಮಷೀನನ್ನು ಒಣ ಬಟ್ಟೆಯಿಂದ ಒರೆಸಿ, ಕಸೂತಿ ಹಾಕಿದ ಗೌಸು ಮುಚ್ಚಬೇಕು. ಮೊದಲು ನನಗೆ ಒಂದು ಕೆಲಸ ಇತ್ತು. ಮಷೀನು ಬಂದ ಮೇಲೆ ಮೂರಾಯಿತು.

ನಗುತ್ತೀರಾ? ನಿಮ್ಮ ಟಿವಿಯ ರಿಮೋಟಿಗೆ ಪ್ಲಾಸ್ಟಿಕ್ ಸುತ್ತಿಲ್ಲವೇ? ಹೊಸ ಸೋಫಾದ ಹಾಳೆ ಬಿಚ್ಚದೆ, ಬೆವರುತ್ತಾ ಅದರ ಮೇಲೆ ಕೂತಿಲ್ಲವೇ? ನಮ್ಮ ಸೇವೆಗೆ ಅಂತ ತರುತ್ತೇವೆ. ತಂದ ಮೇಲೆ ನಾವೇ ಅದರ ಸೇವೆಗೆ ನಿಲ್ಲುತ್ತೇವೆ.

ಸಾಹೇಬರು ನಂಬಲಿಲ್ಲ. ನಂಬಲು ಮನಸ್ಸಿರಲಿಲ್ಲ ಅನ್ನಿ. "ನಡೀರಿ, ಅಕ್ಕಾರನ್ನ ಕೇಳೋಣ" ಅಂದರು. ಹಿಂದಿನ ಓಣಿಯಲ್ಲೇ ಮನೆ. ಹೋದೆವು. ಶಾಂತಕ್ಕ ಬೈಯುತ್ತಾಳೆ, ಅಳುತ್ತಾಳೆ ಅಂತ ನಾನು ಸಿದ್ಧವಾಗಿಯೇ ಹೋಗಿದ್ದೆ.

"ಅಕ್ಕಾರ, ಬಟ್ಟಿ ಮೊದಲ ಕೈಲೆ ಒಗದು ಆಮ್ಯಾಲೆ ಮಷೀನಿಗೆ ಹಾಕ್ತಿದ್ರಂತ, ಖರೇ ಏನ್ರಿ?" ಸಾಹೇಬರು ಮೆಲ್ಲಗೆ ಕೇಳಿದರು.

ಶಾಂತಕ್ಕ ಎದೆ ಸೆಟೆಸಿದಳು. "ಮತ್ತ? ಹೊಲಸು ಬಟ್ಟಿ ಹಾಕಿದ್ರ ಅಷ್ಟು ವರ್ಷ ಮಷೀನ ಹಂಗ ಇರತಿತ್ತೇನ್ರಿ? ಹೊಸಾದರ ಹಂಗ ಇಟ್ಟಿದ್ದೆ! ಕೇಳ್ರಿ ಈ ಫಕೀರವ್ವನ್ನ. ಏನಲೇ, ಸುಳ್ಳಾ?"

"ಸುಳ್ಳಲ್ರಿ ಅಕ್ಕಾರ. ಮಷೀನ ಭಾಳ ಛಲೋ ನೋಡಿಕೊಂಡ್ರಿ" ಅಂದೆ.

ಮಾನ ಹೋಗುತ್ತದೆ ಅಂತ ನಾನು ಸುಮ್ಮನೆ ಹೆದರಿದ್ದೆ. ಹೋಗುವ ಮಾನ ಅಲ್ಲಿರಲಿಲ್ಲ. ಇದ್ದದ್ದು ಹೆಮ್ಮೆ.

ವಾಪಸ್ ಬಂದು ಸಾಹೇಬರು ನನ್ನ ಕಟ್ಟೆಯ ಮೇಲೆ ಕೂತರು. ಮುಖ ಬಾಡಿತ್ತು. "ಹಂಗಾದ್ರ ಭಾನುವಾರ ನಾ ಏನ್ ಹೇಳ್ಲಿರಿ ಅಮ್ಮಾ?"

ಅವರ ನೋಟ್‌ಬುಕ್ ತೊಡೆಯ ಮೇಲೆ ತೆರೆದಿತ್ತು. ಅಕ್ಷರ ಕೂಡಿಸಿ ಕೂಡಿಸಿ ಓದುವವಳು ನಾನು, ಆದರೂ ಓದಿದೆ. ಮಾಲೀಕರು: ಶಾಂತಕ್ಕ. ಸವೆದ ಭಾಗ: ಇಲ್ಲ.

"ಈ 'ಇಲ್ಲ' ಹೊಡದ ಹಾಕ್ರಿ" ಅಂದೆ.

"ಮತ್ತೇನ್ ಬರೀಲಿ?"

ನನ್ನ ಹೆಬ್ಬೆಟ್ಟನ್ನು ಅವರ ಮುಂದೆ ಹಿಡಿದೆ. ಬೆಳಗಿನ ರೇಷನ್ ಅಂಗಡಿಯ ಕತೆ ಹೇಳಿದೆ. ಸಾಹೇಬರು ಟಾರ್ಚ್ ಹಾಕಿ ನೋಡಿದರು. ಫ್ಯಾನ್ ನೋಡಿದಷ್ಟೇ ಹೊತ್ತು ನೋಡಿದರು. 'ಇಲ್ಲ'ದ ಮೇಲೆ ಗೀಟು ಎಳೆದು, ಪಕ್ಕದಲ್ಲಿ ಬರೆದರು: ಫಕೀರವ್ವನ ಹೆಬ್ಬೆಟ್ಟು.

ಹುಬ್ಬಳ್ಳಿಯಲ್ಲಿ ಅದನ್ನೇ ಓದಿದರಂತೆ. ಯಾರೂ ನಗಲಿಲ್ಲವಂತೆ. ಪುಣೆಯವರೊಬ್ಬರು ಎದ್ದು ನಿಂತು, ನಮ್ಮ ಅಜ್ಜಿಯ ಮನೆಯಲ್ಲೂ ಹೀಗೇ ಇತ್ತು, ಒಗೆಯುವವಳ ಹೆಸರು ಕೇಳಬೇಕು ಅಂತ ನಮಗ್ಯಾರಿಗೂ ಹೊಳೆಯಲೇ ಇಲ್ಲ ಅಂದರಂತೆ. ಸೋಮವಾರ ಬೆಳಿಗ್ಗೆ ಸಾಹೇಬರ ಫೋನ್ ಬಂತು. ಸಂತೋಷಕ್ಕೆ ಚೀರುತ್ತಿದ್ದರು.

"ಅಮ್ಮಾ! ನಿಮ್ಮ ಮಷೀನಿಗೆ ಹೈದರಾಬಾದಿನಾಗ ಮೋಟಾರ್ ಸಿಕ್ಕೈತ್ರಿ! ಮತ್ತ ಚಾಲೂ ಮಾಡ್ತೀನಿ!"

"ಛಲೋ ಆತ್ರಿ ಸಾಹೇಬ್ರ," ಅಂದೆ. "ಹಂಗ ಹೆಬ್ಬೆಟ್ಟಿಂದೂ ಸ್ಪೇರ್ ಸಿಗತೈತೇನ ಕೇಳ್ರಿ, ಈ ತಿಂಗಳ ಅಕ್ಕಿ ಇನ್ನಾ ತಂದಿಲ್ಲ."