ಡೇರೆಯ ಸುತ್ತ ಚರಗ

ಹೊಲದಲ್ಲಿ ಡೇರೆ ಹಾಕಿಕೊಂಡು ಮಲಗಬೇಕೆಂಬ ಹಟ ನನ್ನ ಆರು ವರ್ಷದ ಮಗಳದು. ಯಾವುದೋ ಮಕ್ಕಳು ಬಣ್ಣದ ಟೆಂಟಿನಿಂದ ತಲೆ ಹೊರಗೆ ಹಾಕಿ ನಗುವುದನ್ನು ಫೋನಿನಲ್ಲಿ ನೋಡಿದ್ದಳು. ಹಿರಿಯೂರಿನ ನಮ್ಮ ಮನೆಯ ತಾರಸಿಯ ಮೇಲೆ ಹಾಕಿಕೊಡುತ್ತೇನೆ ಎಂದರೆ ಕೇಳಲಿಲ್ಲ. ನನಗೂ ಒಂದು ಚಟ, ಯಾರಾದರೂ ಬೇಡ ಎಂದರೆ ಅದನ್ನು ಮಾಡಿಯೇ ತೀರಬೇಕು. ಗಂಡ "ನಿನಗೆ ತಲೆ ಕೆಟ್ಟಿದೆ" ಎಂದ, ನಾನು ಮರುದಿನವೇ ಟೆಂಟು ತರಿಸಿದೆ. ದಸರಾ ರಜೆಗೆ ತಾಯಿ ಮಗಳು ಇಬ್ಬರೇ ತವರಿಗೆ ಬಸ್ಸು ಹತ್ತಿದೆವು.

ತವರು ಹೊಸದುರ್ಗದಿಂದ ಹೊಳಲ್ಕೆರೆಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ. ಊರ ಹಿಂದೆ ಕಲ್ಲುಗುಡ್ಡ, ಮೇಲೆ ಕರೆಂಟು ತೆಗೆಯುವ ಗಾಳಿ ಫ್ಯಾನುಗಳು, ಬುಡದಲ್ಲಿ ಅಣ್ಣನ ರಾಗಿ ಹೊಲ. ಗುಡ್ಡದಲ್ಲಿ ಕರಡಿಗಳಿರುವುದು ಎಲ್ಲರಿಗೂ ಗೊತ್ತು. ಸೀತಾಫಲ ಹಣ್ಣಾಗುವ ಕಾಲಕ್ಕೆ ಅವು ಕೆಳಗೂ ಇಳಿಯುತ್ತವೆ. ಅದಕ್ಕೇ ಅಣ್ಣ ಮೊದಲೇ ಹೇಳಿದ.

"ನೋಡವ್ವ, ಡೇರೆ ಒಳಗೆ ಹಣ್ಣು, ಶೇಂಗಾ ಏನೂ ಇರಬಾರ್ದು. ವಾಸ್ನಿ ಹಿಡ್ಕಂಡು ಬರ್ತವೆ. ಉಂಡೇ ಹೋಗಾಣ."

ಅವನ ಮಾತನ್ನು ಚಾಚೂ ತಪ್ಪದೆ ಪಾಲಿಸಿದೆ. ಮಗಳ ಬ್ಯಾಗು ಜಾಲಾಡಿ ಬಿಸ್ಕತ್ತಿನ ಪುಡಿಯನ್ನೂ ಕೊಡವಿದೆ. ಉಂಡ ಮೇಲೆ ಅವಳ ಕೈ ಬಾಯಿ ಸೋಪು ಹಾಕಿ ತೊಳೆದೆ. ಇನ್ನೇನು ಹೊರಡಬೇಕು, ಅವ್ವ ಒಂದು ಪಾತ್ರೆ ಹಿಡಿದುಕೊಂಡು ಬಾಗಿಲಿಗೆ ಬಂದಳು.

"ಮಗೀನ ಕರ್ಕಂಡು ಹೊಲದಾಗೆ ಮಲಗಾಕೆ ಹೊಂಟೀಯ, ಬರಿಗೈಲಿ ಹೋಗ್ತಾರೇನೆ? ನೆಲದವ್ವಂಗೆ ಚರಗ ಚೆಲ್ಲಿ ಮಲಗ್ರಿ."

ಭೂಮಿ ಹುಣ್ಣಿಮೆಗೆ ಹೊಲದ ಸುತ್ತ ಅನ್ನ ಚೆಲ್ಲಿ ಭೂಮಿತಾಯಿಗೆ ಉಣಿಸುವುದೇ ಚರಗ. ಹುಣ್ಣಿಮೆ ಇನ್ನೂ ಬಂದಿರದಿದ್ದರೂ ಅವ್ವ ಅನ್ನಕ್ಕೆ ಬೆಲ್ಲ, ತುಪ್ಪ, ಎಳ್ಳುಪುಡಿ ಕಲಸಿ ಕೊಟ್ಟಿದ್ದಳು. ಬಿಸ್ಕತ್ತಿಗೆ ಹೆದರಿದ ನಾನು ಅದನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡೆ. ಅಣ್ಣನೂ ನೋಡಿ ಕೈ ಮುಗಿದ. ಅದು ತಿನ್ನುವ ಪದಾರ್ಥ ಎಂದು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅದು ಚರಗ, ಅಷ್ಟೆ.

ಬದುವಿನ ಪಕ್ಕದ ಬೀಳಿನಲ್ಲಿ ಡೇರೆ ನಿಲ್ಲಿಸುವಷ್ಟರಲ್ಲಿ ಹೊತ್ತು ಇಳಿದಿತ್ತು. ಅಣ್ಣ ಕಂಬಳಿ, ಬ್ಯಾಟರಿ ತರುತ್ತೇನೆಂದು ಬೈಕು ಹತ್ತಿದ. ರಾತ್ರಿ ಅವನು ಪಂಪ್‌ಸೆಟ್ ಮನೆಯಲ್ಲಿ ಮಲಗುವುದೆಂದು ಮಾತಾಗಿತ್ತು. ನಾನು ಭಕ್ತಿಯಿಂದ ಡೇರೆಯ ಸುತ್ತ ಚರಗ ಚೆಲ್ಲಿದೆ. ಮಗಳೂ ಪುಟ್ಟ ಕೈಯಲ್ಲಿ ಚೆಲ್ಲಿದಳು. ಒಂದು ಸುತ್ತು ಮುಗಿಸಿ ಒಳಗೆ ಹೋಗಿ ಜಿಪ್ಪು ಎಳೆದು ಕೂತೆವು. ಮಗಳಿಗೆ ಖುಷಿಯೋ ಖುಷಿ.

ಸ್ವಲ್ಪ ಹೊತ್ತಿಗೆ ಹೊರಗೆ ಸೊರ್ರನೆ ಸದ್ದಾಯಿತು, ಯಾರೋ ಬಿಸಿ ಗಂಜಿ ಹೀರುವ ಹಾಗೆ. ಅಣ್ಣ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಬಟ್ಟೆಯ ಮೇಲೆ ನೆರಳು ಬಿತ್ತು. ಕೊನೆಯ ಬೆಳಕಿನಲ್ಲಿ ಪೊದೆಯಂಥ ಬೆನ್ನು, ಬಾಗಿದ ತಲೆ. ಕರಡಿ. ಮಗಳು "ಅಮ್ಮಾ..." ಎಂದು ಶುರು ಮಾಡಿದಳು. ಅವಳನ್ನು ಎಳೆದು ಮಡಿಲಿಗೆ ಹಾಕಿಕೊಂಡು ಬಾಯಿ ಮುಚ್ಚಿ ಹಿಡಿದೆ.

ಅದು ನೆಲ ನೆಕ್ಕುತ್ತ ಒಂದು ಹೆಜ್ಜೆ ಮುಂದೆ ಬಂತು, ಮತ್ತೆ ನೆಕ್ಕಿತು. ನಾನು ಹೇಗೆ ಸುತ್ತು ಬಂದಿದ್ದೆನೋ ಹಾಗೇ ಅದೂ ಬರುತ್ತಿತ್ತು. ಆಗ ಅರ್ಥವಾಯಿತು ನನಗೆ, ಕರಡಿಗೆ ಎಲೆ ಹಾಕಿ ಬಡಿಸಿ ಮಗಳನ್ನು ನಡುವೆ ಕೂರಿಸಿದ್ದೇನೆ ಎಂದು. ಅವ್ವನ ಮೇಲೆ, ಅಣ್ಣನ ಮೇಲೆ, ನನ್ನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಖಾಲಿ ಪಾತ್ರೆ ನನ್ನ ಕಾಲ ಬಳಿಯೇ ತುಪ್ಪದ ವಾಸನೆ ಬೀರುತ್ತಿತ್ತು. ಅಣ್ಣನಿಗೆ ಫೋನು ಮಾಡಿದರೆ ದನಿ ಅದಕ್ಕೆ ಕೇಳುತ್ತದೆ. ಮಾಡದಿದ್ದರೆ ಅವನು ಸೀದಾ ಬಂದು ಅದರ ಎದುರಿಗೇ ನಿಲ್ಲುತ್ತಾನೆ. ಯಾವುದೂ ತೋಚದೆ ಮಗಳನ್ನು ಇನ್ನಷ್ಟು ಒತ್ತಿ ಹಿಡಿದೆ.

ಅದು ಬಾಗಿಲ ಕಡೆಗೆ ಬಂತು. ಬಟ್ಟೆ ಒಳಕ್ಕೆ ಉಬ್ಬಿತು. ಮಗಳು ನನ್ನ ಕೈ ಪರಚತೊಡಗಿದಳು, ಕಾಲು ಬಡಿದಳು. ಅವಳು ಕಿರುಚಿಬಿಡುತ್ತಾಳೆ ಎಂದು ನನಗೆ ಭಯ. ಇನ್ನೂ ಬಿಗಿಯಾಗಿ ಮುಚ್ಚಿದೆ. ಒದೆತ ಸಣ್ಣದಾಯಿತು. ಸದ್ಯ, ಸುಮ್ಮನಾದಳು ಎಂದುಕೊಂಡೆ. ಆಮೇಲೆ ನನ್ನ ಅಂಗೈಗೆ ಹಲ್ಲು ಇಳಿಯಿತು. ನೋವಿಗೆ ಕೈ ತೆಗೆದೆ. ಮುಳುಗಿ ಎದ್ದವಳಂತೆ ಅವಳು ಉಸಿರೆಳೆದ ಸದ್ದಿಗೆ ಹೊರಗಿನ ನೆಕ್ಕುವ ಸದ್ದು ನಿಂತುಹೋಯಿತು.

ನನ್ನ ಕೈ ಅವಳ ಬಾಯಿಯನ್ನಷ್ಟೇ ಅಲ್ಲ, ಮೂಗನ್ನೂ ಮುಚ್ಚಿತ್ತು. ಅವಳು ಕೆಮ್ಮಿದಳು. ಮತ್ತೆ ಕೆಮ್ಮಿದಳು. ಮತ್ತೆ ಮುಚ್ಚಲು ನನ್ನ ಕೈ ಏಳಲಿಲ್ಲ. ಬಂದರೆ ಬರಲಿ ಎಂದು ಅವಳ ಮೇಲೆ ಬೋರಲು ಬಿದ್ದು ಕಣ್ಣು ಮುಚ್ಚಿದೆ. ಹೊರಗೆ ಒಂದು ಗುಟುರು, ದಡದಡ ಓಟ, ಗುಡ್ಡದ ಕಡೆ ಕಲ್ಲು ಉರುಳಿದ ಸದ್ದು. ಅದೂ ಹೆದರಿತ್ತು. ಹಿಂದೆಯೇ ಅಣ್ಣನ ಬೈಕಿನ ಬೆಳಕು ಬಂತು.

ಮನೆಯಲ್ಲಿ ಅವ್ವ ದೃಷ್ಟಿ ತೆಗೆದಳು. ನೆಲದವ್ವನೇ ಕಾಪಾಡಿದಳು ಎಂದಳು.

"ಕರಡಿಗೆ ಹೆದ್ರಿದ್ಯಾ ಮಗಾ?" ಎಂದು ಮೊಮ್ಮಗಳ ತಲೆ ಸವರಿದಳು.

"ಇಲ್ಲಜ್ಜಿ. ಅದು ತಿಂತಿತ್ತು ಅಷ್ಟೆ. ಅಮ್ಮ ನಂಗೆ ಉಸ್ರಾಡೋಕೇ ಬಿಡ್ಲಿಲ್ಲ."

ಅಣ್ಣ ನಕ್ಕ. ದೀಪದ ಬೆಳಕಿಗೆ ಅವಳ ಕೆನ್ನೆಯಲ್ಲಿ ನನ್ನ ಬೆರಳುಗಳ ಗುರುತು ಕೆಂಪಗೆ ಕಾಣುತ್ತಿತ್ತು. ಸವರಲು ಕೈ ಚಾಚಿದೆ. ಅವಳು ಮುಖವನ್ನು ಅಜ್ಜಿಯ ಸೆರಗಿನೊಳಗೆ ಹುದುಗಿಸಿದಳು. ಆ ದಿನ ಅಜ್ಜಿಯ ಪಕ್ಕದಲ್ಲೇ ಮಲಗಿದಳು. ನನ್ನ ಹತ್ತಿರ ಬಾ ಎಂದು ಕರೆಯಲು ನನಗೆ ಧೈರ್ಯವಾಗಲಿಲ್ಲ.